ಐದು ಜನ, ತುಂಬಿದ ಡಿಕ್ಕಿ: ಕರಾವಳಿಯಿಂದ ಆಗುಂಬೆಗೆ ಎಸ್‌ಯುವಿಯ ಪಿಕಪ್ ಲೆಕ್ಕ

ಮೊದಲ ದಿನ: ಮಂಗಳೂರು, ಉಡುಪಿ, ಮರವಂತೆ

ಗಾಡಿಯ ಪಿಕಪ್, ಅಂದರೆ ವೇಗ ಏರಿಸುವ ಚುರುಕನ್ನು, ಗಂಟೆಗೆ ಸೊನ್ನೆಯಿಂದ ನೂರು ಕಿ.ಮೀ.ಗೆ ಇಷ್ಟು ಸೆಕೆಂಡ್ ಎಂದು ಹೇಳುವ ಅಂಕಿ ಸಾಮಾನ್ಯವಾಗಿ ಒಬ್ಬ ಚಾಲಕ, ಖಾಲಿ ಡಿಕ್ಕಿ, ಒಣ ಟ್ರ್ಯಾಕ್‌ನಲ್ಲಿ ಸಿಕ್ಕಿದ್ದು. ಮನೆಮಂದಿಯೆಲ್ಲ ಕೂತು, ಬ್ಯಾಗು ತುಂಬಿ, ಎಸಿ ಹಾಕಿಕೊಂಡು ಹೊರಟ ಗಾಡಿಯ ಕಥೆಯೇ ಬೇರೆ. ಆದ್ದರಿಂದ ಮೊದಲ ನಿಲುಗಡೆ ಬೈಕಂಪಾಡಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಎಲ್ಲರೂ ಕೂತಿರುವಾಗಲೇ ಕಾರು ಹತ್ತಿಸಿ ಚೀಟಿ ಪಡೆಯಬೇಕು. ಲಾರಿಯ ಯಂತ್ರವಾದ್ದರಿಂದ ಐದೋ ಹತ್ತೋ ಕೆ.ಜಿ. ಆಚೀಚೆ ಇರಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು.

1,600 ಕೆ.ಜಿ. ಕರ್ಬ್ ತೂಕದ (ಜನ, ಸಾಮಾನು ಇಲ್ಲದ ಗಾಡಿಯ ತೂಕ) ಎಸ್‌ಯುವಿಯಲ್ಲಿ ಚಾಲಕನೊಬ್ಬನೇ ಕೂತರೆ 1,675 ಕೆ.ಜಿ. ಐದು ಜನ ಮತ್ತು ಸಾಮಾನು ಸೇರಿದರೆ 2,000 ಮುಟ್ಟುತ್ತದೆ. ಹೆಚ್ಚಿದ್ದು ಶೇ. 19. ನಿಂತ ಗಾಡಿಯನ್ನು ಗಂಟೆಗೆ 100 ಕಿ.ಮೀ. ವೇಗಕ್ಕೆ ಏರಿಸಲು ಬೇಕಾದ ಶಕ್ತಿಯೂ ಅಷ್ಟೇ ಹೆಚ್ಚುತ್ತದೆ: 646 ಕಿಲೋಜೂಲ್ ಇದ್ದದ್ದು 772 ಆಗುತ್ತದೆ. ಎಂಜಿನ್ ಬದಲಾಗಿಲ್ಲ, ಆದ್ದರಿಂದ 11 ಸೆಕೆಂಡಿನ ಗಾಡಿ ಸುಮಾರು 13 ಸೆಕೆಂಡ್ ತೆಗೆದುಕೊಳ್ಳುತ್ತದೆ. ಗಾಡಿ ಎಳೆಯುತ್ತಿಲ್ಲ ಎಂದು ಗ್ಯಾರೇಜಿಗೆ ಹೋಗುವ ಮೊದಲು ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು. ಚಾಲಕನ ಬಾಗಿಲಿನ ಕಂಬದ ಮೇಲಿರುವ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಬೇರೆಯೇ ಗಾಳಿಯ ಒತ್ತಡ ಕೊಟ್ಟಿರುತ್ತಾರೆ. ಅದನ್ನು ಟೈರ್ ತಣ್ಣಗಿರುವಾಗ, ಅಂದರೆ ಹೊರಡುವ ಮುಂಚೆ ತುಂಬಬೇಕು. ಸುರತ್ಕಲ್ ದಾಟಿ ಪೆಟ್ರೋಲ್ ಬಂಕಿನಲ್ಲಿ ಅಳೆದರೆ ಬಿಸಿ ಟೈರಿನ ಒತ್ತಡವೇ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ.

ಮುಕ್ಕ, ಮೂಲ್ಕಿ ದಾಟಿದರೆ ಹೆಜಮಾಡಿ ಟೋಲ್. ಗೇಟ್ ಎದ್ದ ಕೂಡಲೇ ಆಕ್ಸಲರೇಟರ್ ಒತ್ತುವ ಅಭ್ಯಾಸ ಬಹಳ ಜನಕ್ಕೆ. ಇಲ್ಲಿ ಡ್ಯಾಶ್‌ಬೋರ್ಡ್ ಕಡೆ ಒಮ್ಮೆ ನೋಡಿ. ಇಂದಿನ ಹೆಚ್ಚಿನ ಫ್ಯಾಮಿಲಿ ಎಸ್‌ಯುವಿಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಡಿಕ್ಕಿ ತುಂಬಿದಾಗ ಹಿಂಭಾಗ ಕೂರುತ್ತದೆ, ಜೋರಾಗಿ ಹೊರಟಾಗ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ, ಮುಂದಿನ ಟೈರಿನ ಹಿಡಿತ ಸಡಿಲವಾಗುತ್ತದೆ. ಟೋಲ್ ಸಾಲಿನ ನೆಲದಲ್ಲಿ ಲಾರಿಗಳಿಂದ ಸೋರಿದ ಎಣ್ಣೆ, ಮೇಲೆ ಒಂದು ಹನಿ ಮಳೆ. ಟ್ರ್ಯಾಕ್ಷನ್ ಕಂಟ್ರೋಲಿನ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯ) ದೀಪ ಪಕಪಕ ಮಿನುಗುತ್ತದೆ, ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ತಾನೇ ಕಡಿಮೆ ಮಾಡುತ್ತದೆ. ಒತ್ತಿದಷ್ಟೂ ಗಾಡಿ ನಿಧಾನ. ಅರ್ಧ ಪೆಡಲ್‌ನಲ್ಲಿ ಹೊರಟು, 15 ದಾಟಿದ ಮೇಲೆ ಒತ್ತಿದರೆ ಬೇಗ ಹೋಗುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಳೆಯಲು ಯೋಗ್ಯವಾದದ್ದು 40ರಿಂದ 80ರವರೆಗಿನ ಪಿಕಪ್. ಸೊನ್ನೆಯಿಂದ ನೂರರ ಪರೀಕ್ಷೆ ಈ ರಸ್ತೆಗೆ ಹೇಳಿ ಮಾಡಿಸಿದ್ದಲ್ಲ. ಡಿವೈಡರ್ ತೆರೆದಿರುವ ಕಡೆ ಸ್ಕೂಟರ್ ಅಡ್ಡ ಬರುತ್ತದೆ, ದನ ನಿಂತಿರುತ್ತದೆ, ಸರ್ವಿಸ್ ರಸ್ತೆ ಇಲ್ಲದ ಕಡೆ ಎದುರಿನಿಂದಲೇ ಬೈಕ್ ಬರುತ್ತದೆ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದಲ್ಲಿ ಕಾರಿಗೆ ಗರಿಷ್ಠ 100, ಇತರ ರಸ್ತೆಗಳಲ್ಲಿ 70. ಸ್ಥಳೀಯವಾಗಿ ಅದಕ್ಕಿಂತ ಕಡಿಮೆ ಮಿತಿಯ ಫಲಕವಿದ್ದರೆ ಅದೇ ಅಂತಿಮ.

ಅಳೆಯುವ ಕ್ರಮ ಹೀಗೆ. ಬ್ರಹ್ಮಾವರ ದಾಟಿದ ಮೇಲೆ ಸೇತುವೆ, ಮೇಲ್ಸೇತುವೆಯ ಏರಿಲ್ಲದ, ಹಿಂದೆ ಮುಂದೆ ಗಾಡಿಯಿಲ್ಲದ ತುಂಡು ಸಿಕ್ಕಾಗ ಮಾತ್ರ. ಪಕ್ಕದ ಸೀಟಿನವರು ಮೀಟರನ್ನು ಮೊಬೈಲಿನಲ್ಲಿ ವಿಡಿಯೋ ಮಾಡಲಿ, ಚಾಲಕರು ಮೊಬೈಲ್ ಮುಟ್ಟಬಾರದು. ಮ್ಯಾನುವಲ್ ಆದರೆ ಮೂರನೇ ಗೇರಿನಲ್ಲಿ 38ರಿಂದ ಶುರು ಮಾಡಿ 80 ಮುಟ್ಟುವವರೆಗೆ ಒಂದೇ ಗೇರ್, ಪೂರ್ತಿ ಪೆಡಲ್. ಆಟೋಮ್ಯಾಟಿಕ್ ಆದರೆ ಡಿ ಯಲ್ಲೇ ಬಿಡಿ. ರಾತ್ರಿ ಕೋಣೆಯಲ್ಲಿ ಕೂತು ವಿಡಿಯೋದ ಫ್ರೇಮ್ ಎಣಿಸಿದರೆ ಮೂವತ್ತು ಫ್ರೇಮಿಗೆ ಒಂದು ಸೆಕೆಂಡ್. ಮೊಬೈಲಿನ ಜಿಪಿಎಸ್ ಆ್ಯಪನ್ನೇ ನಂಬಿ ಕೂರಬೇಡಿ, ಅದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಮಾತ್ರ ವೇಗ ಓದುತ್ತದೆ. ಏಳೆಂಟು ಸೆಕೆಂಡಿನ ಅಳತೆಯಲ್ಲಿ ಒಂದು ಸೆಕೆಂಡ್ ತಪ್ಪಿದರೆ ಉಳಿಯುವುದೇನು? ಸೆಕೆಂಡಿಗೆ ಹತ್ತು ಸಲ ಓದುವ ಜಿಪಿಎಸ್ ಯಂತ್ರವಿದ್ದರೆ ಸರಿ.

ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲ್ಲಿ ನಿಂತು ನೋಡಿ, ಗಾಡಿ ತಿರುಗಿಸಿ ಉಡುಪಿಗೆ ವಾಪಸಾಗುವಾಗ ಅದೇ ತುಂಡಿನಲ್ಲಿ ಎದುರು ದಿಕ್ಕಿನ ಅಳತೆ ಮಾಡಬೇಕು. ಕಣ್ಣಿಗೆ ಕಾಣದ ಇಳಿಜಾರು, ಸಂಜೆಯ ಕಡಲಗಾಳಿ ಎರಡೂ ಒಂದು ದಿಕ್ಕಿಗೆ ಸಹಾಯ ಮಾಡುತ್ತವೆ, ಇನ್ನೊಂದಕ್ಕೆ ಅಡ್ಡಿ. ಎರಡರ ಸರಾಸರಿಯೇ ನಿಜಕ್ಕೆ ಹತ್ತಿರ. ಆ ಸರಾಸರಿ 7.4 ಸೆಕೆಂಡ್ ಬಂದರೆ ಗಾಡಿ ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಗಂಟೆಗೆ 5.4 ಕಿ.ಮೀ.ಯಷ್ಟು ಏರಿಸುತ್ತಿದೆ ಎಂದರ್ಥ. 12.5 ಬಂದರೆ 3.2 ಮಾತ್ರ. ಈ ಎರಡು ಅಂಕಿ ಮೂರನೇ ದಿನಕ್ಕೆ ಬೇಕಾಗುತ್ತವೆ.

ಮೀಟರಿನ ಬಗ್ಗೆ ಒಂದು ಮಾತು. ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬ ನಿಯಮವಿರುವುದರಿಂದ ತಯಾರಕರು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ. ಮೀಟರ್ 80 ಅಂದಾಗ ಜಿಪಿಎಸ್ 76 ಅಥವಾ 77 ಎನ್ನುವುದು ಸಾಮಾನ್ಯ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ನಿಲ್ಲದ ಬೀಪ್.

ಇನ್ನು 80ರಲ್ಲಿ ಹೋಗುವುದೋ 100ರಲ್ಲೋ ಎಂಬ ಪ್ರಶ್ನೆ. 2,000 ಕೆ.ಜಿ.ಯ ಎತ್ತರದ ಎಸ್‌ಯುವಿಯನ್ನು ಸಮತಟ್ಟು ರಸ್ತೆಯಲ್ಲಿ 80ರಲ್ಲಿ ಓಡಿಸಲು ಚಕ್ರದಲ್ಲಿ ಸುಮಾರು 11.5 ಕಿಲೋವ್ಯಾಟ್ ಸಾಕು. 100ಕ್ಕೆ ಸುಮಾರು 19 ಬೇಕು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಮೂರನೇ ಘಾತದಲ್ಲಿ ಏರುವುದೇ ಕಾರಣ. ಮಂಗಳೂರಿನಿಂದ ಉಡುಪಿಗೆ 55 ಕಿ.ಮೀ. ಎಂದುಕೊಂಡರೆ ಉಳಿಯುವುದು ಹೆಚ್ಚೆಂದರೆ ಎಂಟು ನಿಮಿಷ, ಅದೂ ಪಡುಬಿದ್ರಿ, ಕಾಪು, ಕಟಪಾಡಿಯಲ್ಲಿ ಎಲ್ಲೂ ನಿಲ್ಲದಿದ್ದರೆ. ಮಳೆಗಾಲದಲ್ಲಿ ಲೆಕ್ಕ ಇನ್ನೂ ಕಠಿಣ. ಬ್ರೇಕ್ ಒತ್ತಬೇಕೆಂದು ತೋಚಲು ಒಂದೂವರೆ ಸೆಕೆಂಡ್ ಹಿಡಿದು ಲೆಕ್ಕ ಹಾಕಿದರೆ, ಒದ್ದೆ ರಸ್ತೆಯಲ್ಲಿ 80ರಿಂದ ನಿಲ್ಲಲು ಸುಮಾರು 84 ಮೀಟರ್, 100ರಿಂದ 120 ಮೀಟರ್. ಟೈರಿನ ಗೆರೆ 1.6 ಮಿ.ಮೀ.ಗೆ ಸವೆದಿದ್ದರೆ ಅದೂ ಸಾಲದು.

ಕರಾವಳಿಯ ಹವೆಗೂ ಇದರಲ್ಲಿ ಪಾಲಿದೆ. 32 ಡಿಗ್ರಿ ಬಿಸಿಲು, ಶೇ. 80 ತೇವಾಂಶವಿರುವ ದಿನ ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಹತ್ತಿರ ಹತ್ತಿರ ಶೇ. 4ರಷ್ಟು ಜಾಗವನ್ನು ನೀರಾವಿಯೇ ತಿಂದಿರುತ್ತದೆ, ಆಮ್ಲಜನಕ ಅಷ್ಟು ಕಡಿಮೆ. ಆದರೂ ಬೆಂಗಳೂರಿನಿಂದ ಬಂದ ಗಾಡಿ ಇಲ್ಲಿ ಚುರುಕಾಗಿ ಓಡುತ್ತದೆ ಎನ್ನುವವರ ಮಾತು ನಿಜ. 920 ಮೀಟರ್ ಎತ್ತರದ ಬೆಂಗಳೂರಿಗಿಂತ ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10 ಹೆಚ್ಚು. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಎರಡನೇ ದಿನ: ಉಡುಪಿ, ಹೆಬ್ರಿ, ಆಗುಂಬೆ

ಮಣಿಪಾಲದ ಏರು, ಪರ್ಕಳ, ಹಿರಿಯಡ್ಕ, ಹೆಬ್ರಿ. ರಾಷ್ಟ್ರೀಯ ಹೆದ್ದಾರಿ 169ಎ. ಹೆಬ್ರಿಯಲ್ಲಿ ಬಿಸಿ ಗೋಳಿಬಜೆ ತಿಂದು ಹೊರಟರೆ ಸೋಮೇಶ್ವರದಿಂದ ಕಾಡು ಶುರು. ಮುಂದೆ ಹದಿನಾಲ್ಕು ಹೇರ್‌ಪಿನ್ ತಿರುವು. ಈ ಘಾಟಿಯಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ, ಮಿನಿ ಬಸ್ಸುಗಳು ಓಡುತ್ತವೆ. ರಸ್ತೆ ಕಿರಿದು. ಏರುತ್ತಿರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಎಂಬುದು ನಿಯಮ, ಎದುರಿನವರಿಗೆ ಗೊತ್ತಿದೆ ಎಂದು ಮಾತ್ರ ನಂಬಿ ಹೋಗಬಾರದು.

ಏರು ಪಿಕಪ್ಪಿಗೆ ಏನು ಮಾಡುತ್ತದೆ? ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಪ್ರತಿ ಸೆಕೆಂಡಿನ ವೇಗ ಏರಿಕೆಯಿಂದ 2.1 ಕಿ.ಮೀ. ಕಡಿತವಾಗುತ್ತದೆ. ಗಾಡಿ ಹಗುರವಿರಲಿ ಭಾರವಿರಲಿ, ಈ ಕಡಿತ ಒಂದೇ. ಸಮತಟ್ಟಿನಲ್ಲಿ 5.4 ಇದ್ದದ್ದು ಇಲ್ಲಿ 3.3. ಸಮತಟ್ಟಿನಲ್ಲೇ 3.2 ಇದ್ದ ಗಾಡಿಗೆ ಉಳಿಯುವುದು 1.1, ಅಂದರೆ ಗಾಡಿ ಸರಿಯಾಗಿ ಏರುತ್ತಲೇ ಇಲ್ಲ ಅನ್ನಿಸುವ ಹಂತ. ಬರೀ 40ರಲ್ಲಿ ಈ ಏರು ಹತ್ತಿಸಲು 2,000 ಕೆ.ಜಿ. ಗಾಡಿಗೆ 18 ಪಿಎಸ್ (ಅಶ್ವಶಕ್ತಿ) ಹೆಚ್ಚುವರಿ ಬೇಕು. ಎಂಜಿನ್ನಿಗೆ ಇದು ದೊಡ್ಡದೇನಲ್ಲ. ತೊಂದರೆಯಿರುವುದು ತಿರುವಿನಲ್ಲಿ.

ಹೇರ್‌ಪಿನ್ ಒಂದನ್ನೇ ಹತ್ತಿರದಿಂದ ನೋಡೋಣ. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸದಂತೆ ಹೋಗಬೇಕಾದರೆ ವೇಗ 20ರ ಆಸುಪಾಸು. ಡೀಸೆಲ್ ಎಸ್‌ಯುವಿಗಳಲ್ಲಿ ಎರಡನೇ ಗೇರ್ ಸಾಧಾರಣವಾಗಿ ಪ್ರತಿ 1,000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಗಂಟೆಗೆ 14–15 ಕಿ.ಮೀ. ವೇಗ ಕೊಡುತ್ತದೆ. ಅಂದರೆ 20ರಲ್ಲಿ ಎಂಜಿನ್ 1,400ರ ಆಸುಪಾಸು. ಟರ್ಬೊ ಇನ್ನೂ ಎದ್ದಿಲ್ಲ. ಪೆಡಲ್ ಒತ್ತುತ್ತೀರಿ, ಗಾಡಿ ಗುರುಗುಟ್ಟುತ್ತದೆ, ನಡುಗುತ್ತದೆ, ಏರುವುದಿಲ್ಲ. ಆಗ ಚಾಲಕರು ಮಾಡುವುದು ಹಾಫ್ ಕ್ಲಚ್. ಮೂರು ತಿರುವು ಹಾಗೆ ಮಾಡಿದರೆ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಒಳಗೆ ಬರುತ್ತದೆ. ಪರಿಹಾರ ಸರಳ: ತಿರುವಿಗೆ ಮುಂಚೆಯೇ, ಸ್ಟೀರಿಂಗ್ ನೇರವಿರುವಾಗಲೇ ಮೊದಲ ಗೇರಿಗೆ ಇಳಿಸಿ. ಅದರಲ್ಲಿ 20 ಅಂದರೆ ಸುಮಾರು 2,500 ಆರ್‌ಪಿಎಂ. ಎಂಜಿನ್ ಸದ್ದು ಹೆಚ್ಚುತ್ತದೆ, ಹೆಚ್ಚಲಿ. ಕ್ಲಚ್ ಪೂರ್ತಿ ಬಿಟ್ಟು ತಿರುವು ಮುಗಿಸಿ ಎರಡಕ್ಕೆ ಹಾಕಿ.

ಒಂದೇ ಮಾದರಿಯಲ್ಲಿ ಈ ವ್ಯತ್ಯಾಸ ನೋಡಬೇಕೆಂದರೆ ಹ್ಯುಂಡೈ ಕ್ರೆಟಾದ 1.5 ಲೀಟರಿನ ಮೂರು ಎಂಜಿನ್ನುಗಳು ಒಳ್ಳೆಯ ಉದಾಹರಣೆ. ಸಾದಾ ಪೆಟ್ರೋಲ್ 115 ಪಿಎಸ್, ಡೀಸೆಲ್ 116 ಪಿಎಸ್. ಕಾಗದದ ಮೇಲೆ ಸರಿಸಮ. ಆದರೆ ಪೆಟ್ರೋಲ್ ತನ್ನ 144 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುವುದು 4,500 ಆರ್‌ಪಿಎಂನಲ್ಲಿ, ಡೀಸೆಲ್ 250 ಎನ್‌ಎಂ ಕೊಡುವುದು 1,500ರಿಂದ 2,750ರ ನಡುವೆ. ಘಾಟಿಯಲ್ಲಿ ಡೀಸೆಲ್ ಸಲೀಸಾಗಿ ಏರುತ್ತದೆ, ಸಾದಾ ಪೆಟ್ರೋಲನ್ನು ಕೂಗಿಸಬೇಕು. ಕೂಗಿಸಿದರೆ ಅದಕ್ಕೇನೂ ಆಗುವುದಿಲ್ಲ, 4,500 ಅದರ ಕೆಲಸದ ಜಾಗವೇ. ಟರ್ಬೊ ಪೆಟ್ರೋಲ್ 160 ಪಿಎಸ್, 253 ಎನ್‌ಎಂ 1,500ರಿಂದ 3,500ರವರೆಗೆ. ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವವರಿಗೆ ನನ್ನ ಆಯ್ಕೆ ಇದೇ, ಇಂಧನದ ಖರ್ಚು ಬೇರೆ ಮಾತು.

ಗೇರ್‌ಬಾಕ್ಸಿನ ವಿಚಾರದಲ್ಲಿ, ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಇರುವವರು ಒಂದು ಎಚ್ಚರ ವಹಿಸಬೇಕು. ಅದರೊಳಗೂ ಕ್ಲಚ್ಚೇ ಇದೆ. ಏರಿನಲ್ಲಿ ಮುಂದಿನ ಗಾಡಿ ತೆವಳುತ್ತಿದ್ದಾಗ ಬ್ರೇಕ್ ಬಿಟ್ಟು ಆಕ್ಸಲರೇಟರಿನಲ್ಲೇ ಹಿಡಿದು ನಿಂತರೆ ಒಣ ಕ್ಲಚ್ ಬಿಸಿಯಾಗಿ ಎಚ್ಚರಿಕೆಯ ಸಂದೇಶ ಬರುತ್ತದೆ. ಬ್ರೇಕ್ ಒತ್ತಿ ನಿಲ್ಲಿ, ಎರಡು ಗಾಡಿಯಷ್ಟು ಜಾಗ ಸಿಕ್ಕ ಮೇಲೆ ಒಂದೇ ಸಲ ಹೊರಡಿ. ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿಗೆ ಈ ಕಷ್ಟ ಕಡಿಮೆ. ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್) ಏರಿನಲ್ಲಿ ಒಂದೇ ಸ್ವರದಲ್ಲಿ ಕೂಗುತ್ತದೆ, ಅದು ದೋಷವಲ್ಲ.

ಆಗುಂಬೆ ಸುಮಾರು 640 ಮೀಟರ್ ಎತ್ತರ. ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಶೇ. 7 ಕಡಿಮೆ, ತಂಪಾಗಿರುವುದರಿಂದ ಸ್ವಲ್ಪ ವಾಪಸ್ ಸಿಗುತ್ತದೆ. ಟರ್ಬೊ ಗಾಡಿಗೆ ಇದರ ಅರಿವೇ ಆಗದು. ಘಾಟಿ ಹತ್ತಿದ ಕೂಡಲೇ ಸೂರ್ಯಾಸ್ತದ ಕಟ್ಟೆಯ ಬಳಿ ಎಂಜಿನ್ ಆರಿಸದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಬಿಸಿಯಾದ ಟರ್ಬೊದ ಬೇರಿಂಗಿಗೆ ಎಣ್ಣೆ ಹರಿದು ತಣಿಯುತ್ತದೆ.

ಮೂರನೇ ದಿನ: ಆಗುಂಬೆ, ಕಾರ್ಕಳ, ಮೂಡುಬಿದಿರೆ, ಮಂಗಳೂರು

ಬೆಳಿಗ್ಗೆ ಮಂಜು. ಇಳಿಯುವಾಗ ಪಿಕಪ್ಪಿನ ಮಾತಿಲ್ಲ, ವೇಗ ತಾನಾಗಿ ಬರುತ್ತದೆ. ಸುಮಾರು 500 ಮೀಟರ್ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ, ಗಾಡಿಯನ್ನು 100ರಿಂದ ಪೂರ್ತಿ ನಿಲ್ಲಿಸುವ ಶಕ್ತಿಗೆ ಸುಮಾರು 13 ಪಟ್ಟು. ಎಲ್ಲವನ್ನೂ ಬ್ರೇಕಿನಲ್ಲೇ ಹಿಡಿದರೆ ಒಂದರ ಹಿಂದೊಂದು ಹದಿಮೂರು ಸಲ ಪೂರ್ತಿ ಬ್ರೇಕ್ ಹೊಡೆದ ಬಿಸಿ ಡಿಸ್ಕಿಗೆ ಏರುತ್ತದೆ. ಏರುವಾಗ ಹಾಕಿದ ಗೇರಿನಲ್ಲೇ ಇಳಿಯಿರಿ ಎಂಬ ಹಳೆಯ ಚಾಲಕರ ಮಾತು ಇವತ್ತಿಗೂ ಸರಿ. ಆಟೋಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ ಎರಡರಲ್ಲಿ ಕಟ್ಟಿಹಾಕಿ, ಡಿ ಯಲ್ಲಿ ಬಿಟ್ಟರೆ ಅದು ಮೇಲಿನ ಗೇರಿಗೆ ಜಾರಿಬಿಡಬಹುದು. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಹಿಡಿಯದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಡಿ.

ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ನಮ್ಮ ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬಾರದು. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಪ್ಪತ್ತು ನಿಮಿಷ ಕಾಯಿರಿ. ಬಿಸಿ ಡಿಸ್ಕಿಗೆ ನೀರು ಹಾಕಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಹೆಬ್ರಿಯಿಂದ ಕಾರ್ಕಳ, ಅಲ್ಲಿಂದ ಹೆದ್ದಾರಿ 169ರಲ್ಲಿ ಮೂಡುಬಿದಿರೆ. 1432ರ ಬಾಹುಬಲಿಯನ್ನೂ ಸಾವಿರ ಕಂಬದ ಬಸದಿಯನ್ನೂ ನೋಡಿಕೊಂಡು ಹೋಗುವ ದಾರಿ. ಅಗಲವಾಗದ ತುಂಡುಗಳಲ್ಲಿ ಎರಡೇ ಪಥ, ತಿರುವುಮುರುವು, ಕಲ್ಲು ಜಲ್ಲಿ ತುಂಬಿದ ಟಿಪ್ಪರ್‌ಗಳು. ಮೊದಲ ದಿನದ ಅಂಕಿಗಳು ನಿಜವಾಗಿ ಬೇಕಾಗುವುದು ಇಲ್ಲಿ.

ಟಿಪ್ಪರ್ 35ರಲ್ಲಿ ಹೋಗುತ್ತಿದೆ, ಉದ್ದ ಎಂಟು ಮೀಟರ್. ನೀವು ಹದಿನೈದು ಮೀಟರ್ ಹಿಂದಿದ್ದೀರಿ, ದಾಟಿ ಹದಿನೈದು ಮೀಟರ್ ಮುಂದೆ ಸೇರಬೇಕು, ಮಿತಿ 70. ಸೆಕೆಂಡಿಗೆ 5.4 ಏರಿಸುವ ಗಾಡಿಗೆ 7.6 ಸೆಕೆಂಡ್ ಬೇಕು, ಅಷ್ಟರಲ್ಲಿ ಅದು 116 ಮೀಟರ್ ಹೋಗಿರುತ್ತದೆ. ಎದುರಿನಿಂದ 70ರಲ್ಲಿ ಬರುವ ಗಾಡಿ 148 ಮೀಟರ್ ಹತ್ತಿರ ಬಂದಿರುತ್ತದೆ. ಒಟ್ಟು ಸುಮಾರು 265 ಮೀಟರ್. ಸೆಕೆಂಡಿಗೆ 3.2 ಮಾತ್ರ ಏರಿಸುವ ಗಾಡಿಗೆ 9.7 ಸೆಕೆಂಡ್, ಒಟ್ಟು 326 ಮೀಟರ್. ಎರಡೂ ಲೆಕ್ಕದಲ್ಲಿ ಮಿಸುಕಾಡಲು ಜಾಗವಿಲ್ಲ, ಇನ್ನೊಂದು ನೂರು ಮೀಟರಾದರೂ ಸೇರಿಸಿಕೊಂಡು ನೋಡಬೇಕು. ಅಷ್ಟು ದೂರ ರಸ್ತೆ ಕಾಣುತ್ತಿದ್ದರೆ ಮಾತ್ರ ಹೊರಗೆ ಬನ್ನಿ.

5.4ರ ಗಾಡಿ ಮತ್ತು 3.2ರ ಗಾಡಿ ಬೇರೆ ಬೇರೆ ಆಗಿರಬೇಕಾಗಿಲ್ಲ. ಒಂದೇ ಡೀಸೆಲ್ ಎಂಜಿನ್ 250 ಎನ್‌ಎಂ ಟಾರ್ಕಿನಲ್ಲಿ 1,500 ಆರ್‌ಪಿಎಂ ಇದ್ದಾಗ ಕೊಡುವ ಶಕ್ತಿ 53 ಪಿಎಸ್, 2,750ರಲ್ಲಿ 98 ಪಿಎಸ್. ಟಿಪ್ಪರಿನ ಹಿಂದೆ 35ರಲ್ಲಿ ಮೂರನೇ ಗೇರಿನಲ್ಲೇ ಕೂತವರ ಬಳಿ ಮೊದಲನೆಯದಿದೆ, ಎರಡಕ್ಕೆ ಇಳಿಸಿ ಕಾಯುತ್ತಿರುವವರು ಎರಡನೆಯದರ ಕಡೆಗೆ ಆಗಲೇ ಅರ್ಧ ದಾರಿ ಬಂದಿರುತ್ತಾರೆ. ಗೇರ್ ಇಳಿಸುವುದು ಟಿಪ್ಪರಿನ ಹಿಂದಿರುವಾಗಲೇ ಆಗಬೇಕು. ಆಟೋಮ್ಯಾಟಿಕ್‌ನಲ್ಲಿ ಪೆಡಲ್ ಒತ್ತಿದ ಮೇಲೆ ಗೇರ್ ಇಳಿದು ಟರ್ಬೊ ಏಳುವಷ್ಟರಲ್ಲಿ ಒಂದು ಸೆಕೆಂಡ್ ಹೋಗಬಹುದು. ಎದುರು ಪಥಕ್ಕೆ ಬಂದ ಮೇಲೆ ಆ ಸೆಕೆಂಡ್ ಹೋದರೆ ನಿಮ್ಮದೊಂದು 10 ಮೀಟರ್, ಎದುರಿನವರದೊಂದು 19 ಮೀಟರ್ ಕಳೆದ ಹಾಗೆ. ಸ್ಟೀರಿಂಗಿನ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇದ್ದರೆ ಎರಡು ಸಲ ಒತ್ತಿ ಗೇರ್ ಇಳಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಸ್ಪೋರ್ಟ್ ಮೋಡ್. ಎಸಿ ಆರಿಸಿದರೆ ಲಾಭವಿದೆಯೇ ಎಂದು ಬಹಳ ಜನ ಕೇಳುತ್ತಾರೆ. ಹಲವು ಕಾರುಗಳಲ್ಲಿ ಪೂರ್ತಿ ಪೆಡಲ್ ಒತ್ತಿದಾಗ ಕಂಪ್ಯೂಟರೇ ಕಂಪ್ರೆಸರನ್ನು ಕೆಲವು ಸೆಕೆಂಡ್ ಬಿಡಿಸುತ್ತದೆ. ಕೈ ಸ್ಟೀರಿಂಗಿನಲ್ಲೇ ಇರಲಿ.

60ರಲ್ಲಿ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಮಾತು ಬೇರೆ. ಹನ್ನೆರಡು ಮೀಟರ್ ಉದ್ದದ ಬಸ್ಸನ್ನು 70ರ ಮಿತಿಯಲ್ಲಿ, ಮುಂದೆ ಹಿಂದೆ ಇಪ್ಪತ್ತು ಮೀಟರ್ ಬಿಟ್ಟು ದಾಟಲು 21 ಸೆಕೆಂಡ್ ಬೇಕು, ಎದುರಿನ ಗಾಡಿಯದ್ದೂ ಸೇರಿ 800 ಮೀಟರಿಗೂ ಹೆಚ್ಚು ಖಾಲಿ ರಸ್ತೆ ಬೇಕು. ಮೂಡುಬಿದಿರೆಯಿಂದ ಕೈಕಂಬದ ನಡುವೆ ಅಷ್ಟು ನೇರವಾಗಿ ಕಾಣುವ ಜಾಗ ಅಪರೂಪ. 200 ಪಿಎಸ್ ಇದ್ದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಇಲ್ಲಿ ಕಟ್ಟಿಹಾಕುವುದು ಎಂಜಿನ್ ಅಲ್ಲ, ವೇಗದ ಮಿತಿ. ಬಸ್ಸು ಮುಂದಿನ ನಿಲ್ದಾಣದಲ್ಲಿ ನಿಂತೇ ನಿಲ್ಲುತ್ತದೆ, ಅಲ್ಲಿ ದಾಟಿ.

ಗುರುಪುರ ಸೇತುವೆ, ವಾಮಂಜೂರು, ಕುಲಶೇಖರ ದಾಟಿ ನಂತೂರಿಗೆ ಬರುವಷ್ಟರಲ್ಲಿ ಟ್ರಾಫಿಕ್ಕಿನಲ್ಲಿ ತೆವಳಬೇಕು. ಟರ್ಬೊ ಗಾಡಿಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಓಡುವ ಗಾಳಿ ಸಿಗದೆ ಒಳಬರುವ ಗಾಳಿ ಬಿಸಿಯಾಗುತ್ತದೆ, ಸಿಗ್ನಲ್ ಬಿಟ್ಟಾಗ ಮೊದಲ ಕೆಲವು ಸೆಕೆಂಡ್ ಎಳೆತ ಮಂಕು ಅನ್ನಿಸುತ್ತದೆ. ಒಂದೆರಡು ಕಿ.ಮೀ. ಓಡಿದರೆ ಸರಿಹೋಗುತ್ತದೆ. ಓಡಿದ ಮೇಲೂ ಮಂಕಾಗಿಯೇ ಇದ್ದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಆಮೇಲೆ ಇಂಟರ್‌ಕೂಲರಿನ ರಬ್ಬರ್ ಪೈಪಿನ ಕ್ಲಾಂಪ್ ಸಡಿಲವಾಗಿದೆಯೇ ನೋಡಿ. ಪೈಪಿನ ಸಂದಿಯಲ್ಲಿ ಹೊಸದಾಗಿ ಎಣ್ಣೆ ಒಸರಿ, ಪೆಡಲ್ ಒತ್ತಿದಾಗ ಬುಸ್ ಎಂಬ ಸದ್ದು ಬಂದರೆ ಟರ್ಬೊ ಒತ್ತಿದ ಗಾಳಿ ಅಲ್ಲೇ ಸೋರುತ್ತಿರುತ್ತದೆ.